ಮಹಾವೀರಾಚಾರ್ಯನ ಕಂಠಿಕಾಸಂಖ್ಯೆ: ಶಬ್ದಾಲಂಕಾರವೋ, ಅರ್ಥಾಲಂಕಾರವೋ?

ಕ್ರಿ.ಶ. 850ರ ಸುಮಾರಿಗೆ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿದನು. ‘ಕವಿರಾಜಮಾರ್ಗ’ವೂ ಅದೇ ಅರಸನ ಆಸ್ಥಾನದ ಕೃತಿ. ಕಾವ್ಯಮೀಮಾಂಸೆ ಮತ್ತು ಗಣಿತ ಒಂದೇ ಸೂರಿನಡಿ ಬೆಳೆದವು ಎಂಬುದನ್ನು ನಮ್ಮ ಸಾಹಿತ್ಯಚರಿತ್ರೆಗಳು ಸಾಕಷ್ಟು ಗಮನಿಸಿಲ್ಲವೆಂದೇ ನನ್ನ ಭಾವನೆ.

ಗುಣಾಕಾರದ ಪ್ರಕರಣದಲ್ಲಿ ಆಚಾರ್ಯನು ಕೆಲವು ವಿಶೇಷ ಲೆಕ್ಕಗಳನ್ನು ಕೊಟ್ಟಿದ್ದಾನೆ. ಅವುಗಳ ಗುಣಲಬ್ಧಗಳು ಹಾರದ ಮಣಿಗಳಂತೆ ಎರಡೂ ತುದಿಗಳಿಂದ ಒಂದೇ ಆಗಿ ಕಾಣುವುದರಿಂದ ಅವಕ್ಕೆ ಕಂಠಾಭರಣದ ಹೋಲಿಕೆ. 139 × 109 = 15151 ಚಿಕ್ಕ ಉದಾಹರಣೆ. ಇಲ್ಲಿ ವಿಚಾರಿಸುವುದು ಅದಕ್ಕಿಂತ ಬಹು ದೊಡ್ಡದನ್ನು:

27994681 × 441 = 12345654321

ಇದನ್ನು ಇಂದು ನಾವು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು ಎಂದು ಓದುತ್ತೇವೆ. ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟಿರುವ ಆಚಾರ್ಯನಿಗೆ ಅರ್ಬುದದಿಂದ ಆರಂಭಿಸಿ ಹೇಳುವುದು ಕಷ್ಟವಿರಲಿಲ್ಲ. ಆದರೆ ಅವನು ಸ್ಥಾನನಾಮಗಳನ್ನು ಬಿಟ್ಟು, ಒಂದರಿಂದ ಆರರವರೆಗೆ ಏರಿ ಕ್ರಮವಾಗಿ ಇಳಿಯುವುದು ಎಂದು ಸಂಖ್ಯೆಯ ಆಕಾರವನ್ನೇ ವರ್ಣಿಸುತ್ತಾನೆ. ಚಿತ್ರಕವಿತ್ವದಲ್ಲಿ ಗತಪ್ರತ್ಯಾಗತವೆನ್ನುವ, ಹಿಂದುಮುಂದಾಗಿ ಓದಿದರೂ ಬದಲಾಗದ ಬಂಧವಿದು.

ಈ ಸೊಗಸು ಸಂಖ್ಯೆಯದೋ, ಬರವಣಿಗೆಯದೋ? ದಶಮಾನ ಪದ್ಧತಿಯನ್ನು ಬಿಟ್ಟು ಗಣಕಯಂತ್ರದ ದ್ವಿಮಾನದಲ್ಲಿ ಬರೆದರೆ 34 ಅಂಕಿಗಳಾಗುತ್ತವೆ; ಮೊದಲ ನಾಲ್ಕು 1011, ಕೊನೆಯ ನಾಲ್ಕು 0001. ಹಾರ ಕಡಿದುಹೋಯಿತು. ಪರ್ಯಾಯಪದ ಇಟ್ಟೊಡನೆ ಅಳಿಯುವ ಯಮಕದಂತೆ ಇದು ಶಬ್ದಾಲಂಕಾರ.

ಆದರೆ ಬರವಣಿಗೆ ಬದಲಾದರೂ ಉಳಿಯುವ ಗುಣಗಳೂ ಇದಕ್ಕುಂಟು. ಇದು 111111ರ ವರ್ಗ. 111111ನ್ನು ಒಡೆದರೆ 3, 7, 11, 13, 37 ಎಂಬ ಐದು ಅವಿಭಾಜ್ಯ ಸಂಖ್ಯೆಗಳು ದೊರೆಯುತ್ತವೆ. ಆದ್ದರಿಂದ ನಮ್ಮ ಸಂಖ್ಯೆಯಲ್ಲಿ ಪ್ರತಿಯೊಂದೂ ಎರಡೆರಡು ಬಾರಿ ಬರುತ್ತದೆ. ಭಾಜಕಗಳು ಒಟ್ಟು 243. ಆಚಾರ್ಯನ ಗುಣಕವನ್ನು ಈಗ ನೋಡಬೇಕು. 441 ಎಂದರೆ 21ರ ವರ್ಗ, ಅಂದರೆ 3 ಮತ್ತು 7ರ ಪಾಲು. 27994681 ಎಂದರೆ 5291ರ ವರ್ಗ, ಅಂದರೆ 11, 13, 37ರ ಪಾಲು. ಪದ್ಯ ಕೇಳುವುದು ಗುಣಾಕಾರವನ್ನಷ್ಟೇ. ಆದರೂ ಎರಡು ವರ್ಗಗಳಾಗಿ ಇಷ್ಟು ಅಚ್ಚುಕಟ್ಟಾಗಿ ಒಡೆದಿರುವುದು ಕಾಕತಾಳೀಯವೆಂದು ನಾನು ಒಪ್ಪಲಾರೆ. ಹಾರವನ್ನು ಮೊದಲು ಕಟ್ಟಿ, ಅನಂತರ ಬಿಚ್ಚಿ ಕೊಟ್ಟವನ ಕೈಚಳಕವಿದು.

ಇನ್ನೊಂದು ಗುಣ ಆಚಾರ್ಯನ ವರ್ಗೀಕರಣದ್ದಲ್ಲ, ಗ್ರೀಕರದ್ದು. ಕ್ರಿ.ಶ. 100ರ ಸುಮಾರಿನ ನಿಕೊಮಾಕಸನು ಸಂಖ್ಯೆಗಳನ್ನು ಅವುಗಳ ಭಾಜಕಗಳ ಮೊತ್ತದಿಂದ ಊನ, ಪೂರ್ಣ, ಅಧಿಕ ಎಂದು ವಿಂಗಡಿಸಿದನು. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ತನಗಿಂತ ಹೆಚ್ಚಾದರೆ ಅದು ಅಧಿಕ. ಸಮಸಂಖ್ಯೆಗಳಲ್ಲಿ 12ರಿಂದಲೇ ಇಂಥವು ಸಿಗುತ್ತವೆ. ಬೆಸಸಂಖ್ಯೆಗಳಲ್ಲಿ 945ರವರೆಗೆ ಒಂದೂ ಇಲ್ಲ. ನಮ್ಮ ಕಂಠಿಕೆ ಬೆಸಸಂಖ್ಯೆ. ಅದರ ಉಳಿದ 242 ಭಾಜಕಗಳನ್ನು ಕೂಡಿದರೆ 13,02,98,70,672 ಬರುತ್ತದೆ. ಮೂಲಸಂಖ್ಯೆಗಿಂತ ಇದು 68,42,16,351ರಷ್ಟು ಹೆಚ್ಚು.