ಬಿಳಿ ಸೆರಗು: ಸಹಜವೋ, ಕಾಯಿಲೆಯೋ?

'ಉಷ್ಣ ಜಾಸ್ತಿಯಾಗಿ ಬಿಳುಪು ಹೋಗ್ತಿದೆ, ಅದಕ್ಕೇ ಸುಸ್ತು.' ಆಶಾ ಕಾರ್ಯಕರ್ತೆಯರಿಗೆ ಈ ಮಾತು ಹೊಸದಲ್ಲ. ಮೂಳೆಯೇ ಕರಗಿ ಹೋಗುತ್ತದೆಂದು ಹೆದರುವವರೂ ಇದ್ದಾರೆ. ಮೂಳೆ ಕರಗುವುದಿಲ್ಲ. ಸುಸ್ತಿಗೆ ರಕ್ತಹೀನತೆ ಕಾರಣವಿರಬಹುದು. ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಯೋನಿ ತನ್ನನ್ನು ತಾನೇ ಶುಚಿಯಾಗಿಟ್ಟುಕೊಳ್ಳುತ್ತದೆ. 1892ರಲ್ಲಿ ಜರ್ಮನಿಯ ವೈದ್ಯ ಆಲ್ಬರ್ಟ್ ಡೋಡರ್‌ಲೈನ್ ಅಲ್ಲಿನ ಉಪಕಾರಿ ಬ್ಯಾಕ್ಟೀರಿಯಾಗಳನ್ನು ವಿವರಿಸಿದರು. ಅವು ಮೊಸರಿನ ಬ್ಯಾಕ್ಟೀರಿಯಾಗಳ ಬಳಗದವೇ. ಹುಳಿ ಅಂಶ ತಯಾರಿಸಿ ಸೋಂಕನ್ನು ದೂರವಿಡುತ್ತವೆ. ಸೋಪು, ಡೆಟಾಲ್ ಹಾಕಿ ಒಳಗೆ ತೊಳೆದರೆ ಈ ಕಾವಲೇ ಹೋಗುತ್ತದೆ.

ಎರಡು ಮುಟ್ಟಿನ ನಡುವೆ, ಅಂಡ ಬಿಡುಗಡೆಯ ಹೊತ್ತಿಗೆ ಸ್ರಾವ ಮೊಟ್ಟೆಯ ಬಿಳಿಯಂತೆ ತಿಳಿಯಾಗುತ್ತದೆ. ಎರಡು ಬೆರಳ ನಡುವೆ ಎಳೆದರೆ ನೂಲಿನಂತೆ ಹಿಗ್ಗುತ್ತದೆ. ಬಸುರಿಯರಲ್ಲಿ ಹೆಚ್ಚುವುದೂ ಸಹಜ. ಒಳಉಡುಪಿನ ಮೇಲೆ ಒಣಗಿದ ತಿಳಿಹಳದಿ ಕಲೆ ಕಂಡು ಗಾಬರಿ ಬೇಡ.

ತುರಿಕೆಯೊಂದಿಗೆ ಒಡೆದ ಮೊಸರಿನಂಥ ಸ್ರಾವ, ಮೀನಿನ ವಾಸನೆ, ಹಸಿರು ಬಣ್ಣ, ಕಿಬ್ಬೊಟ್ಟೆ ನೋವು, ಜ್ವರ ಇದ್ದರೆ ವೈದ್ಯರ ಬಳಿ ಹೋಗಲೇಬೇಕು. ಅಂಗಡಿಯಲ್ಲಿ ಕೇಳಿ ಮಾತ್ರೆ ನುಂಗುವುದು ಸಾಲದು, ಏಕೆಂದರೆ ಒಂದೊಂದು ಸೋಂಕಿಗೆ ಒಂದೊಂದು ಔಷಧ. ಟ್ರೈಕೊಮೊನಾಸ್ ಎಂಬ ಸೋಂಕಾಗಿದ್ದರೆ ಗಂಡನಿಗೂ ಚಿಕಿತ್ಸೆ ಬೇಕು. ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ತಡಮಾಡದೆ ತೋರಿಸಬೇಕು. ಅದು ಕ್ಯಾನ್ಸರಿನ ಮೊದಲ ಸುಳಿವಾಗಿರಬಹುದು.