ರೇಡಿಯೋದ ಗೊರಗೊರ ಎಲ್ಲಿಂದ?

ಮಕ್ಕಳೇ, ಒಮ್ಮೆ ನಾನು ಹೋದ ಶಾಲೆಯಲ್ಲಿ ಐದನೇ ತರಗತಿಯವರು ರೇಡಿಯೋ ಪಾಠ ಕೇಳಲು ಕುಳಿತಿದ್ದರು. ಕೇಳಿಸುತ್ತಿದ್ದದ್ದು ಬರೀ ‘ಗೊರ್ರ್...’. “ರೇಡಿಯೋ ಕೆಟ್ಟಿದೆ ಸಾರ್” ಎಂದಳು ಮುಂದೆ ಕುಳಿತ ಹುಡುಗಿ. ಅಷ್ಟರಲ್ಲಿ ಅರ್ಧ ಪಾಠ ಮುಗಿದಿತ್ತು. ಮೂಲೆಯಲ್ಲಿ ಮಿಣುಕುತ್ತಿದ್ದ ಹಳೆಯ ಟ್ಯೂಬ್‌ಲೈಟ್ ಆರಿಸಿದೆವು. ಗೊರಗೊರ ನಿಂತಿತು! ರೇಡಿಯೋ ಕೆಟ್ಟಿರಲೇ ಇಲ್ಲ.

ಟ್ಯೂಬ್‌ಲೈಟಿಗೂ ರೇಡಿಯೋಗೂ ಏನು ನಂಟು? ವಿದ್ಯುತ್ ಕಿಡಿ ಹಾರಿದಾಗ ರೇಡಿಯೋ ಅಲೆಗಳು ಹುಟ್ಟುತ್ತವೆ. ಜರ್ಮನಿಯ ವಿಜ್ಞಾನಿ ಹೈನ್‌ರಿಕ್ ಹರ್ಟ್ಸ್ 1887ರಲ್ಲಿ ಈ ಅಲೆಗಳನ್ನು ಹೊಮ್ಮಿಸಿದ್ದೂ ಕಿಡಿಯಿಂದಲೇ. ಮಿಕ್ಸಿಯ ಮೋಟಾರು, ಸಡಿಲವಾದ ಸ್ವಿಚ್ಚುಗಳಲ್ಲೂ ಸಣ್ಣ ಕಿಡಿ ಹಾರುತ್ತದೆ. ನಿಮ್ಮ ಅಡುಗೆಮನೆಯ ಮಿಕ್ಸಿಯೂ ಒಂದು ಪುಟ್ಟ ಪ್ರಸಾರ ಕೇಂದ್ರವೇ, ಕಾರ್ಯಕ್ರಮ ಮಾತ್ರ ಕೇಳುವಂತಿಲ್ಲ! ಮೊಬೈಲ್ ಚಾರ್ಜರ್, ಎಲ್‌ಇಡಿ ಬಲ್ಬುಗಳಲ್ಲಿ ಕಿಡಿ ಇಲ್ಲ. ಆದರೆ ಅನೇಕವು ಒಳಗೆ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಬಾರಿ ಹರಿಸಿ, ತಡೆದು ಕೆಲಸ ಮಾಡುತ್ತವೆ. ಅದರಿಂದಲೂ ಗದ್ದಲ ಹೊಮ್ಮುತ್ತದೆ.

ಮಧ್ಯಮ ತರಂಗದ ಪ್ರಸಾರದಲ್ಲಿ ಧ್ವನಿಯು ಅಲೆಯ ಎತ್ತರದ ಏರಿಳಿತದಲ್ಲಿ ಅಡಗಿರುತ್ತದೆ. ಕಿಡಿಯ ಅಲೆ ಬಂದು ಸೇರಿದರೆ ಆ ಎತ್ತರವೇ ಬದಲಾಗುತ್ತದೆ. ಯಾವುದು ಮಾತು, ಯಾವುದು ಗದ್ದಲ ಎಂದು ರೇಡಿಯೋಗೆ ತಿಳಿಯದು. ಎಫ್‌ಎಂನಲ್ಲಿ ಧ್ವನಿ ಅಡಗಿರುವುದು ಅಲೆಯ ಆವೃತ್ತಿಯ ಬದಲಾವಣೆಯಲ್ಲಿ. ಹಾಗಾಗಿ ಅಲ್ಲಿ ಈ ಕಾಟ ಕಡಿಮೆ.

ಈಗ ಕಳ್ಳನನ್ನು ಹಿಡಿಯೋಣ. ಸೆಲ್ ಹಾಕಿದ ರೇಡಿಯೋದಲ್ಲಿ ಯಾವ ಕೇಂದ್ರವೂ ಇಲ್ಲದ ಕಡೆ ಮುಳ್ಳು ನಿಲ್ಲಿಸಿ, ಮನೆಯೆಲ್ಲ ನಡೆದಾಡಿ. ಗೊರಗೊರ ಜೋರಾದ ಕಡೆ ಕಳ್ಳನಿದ್ದಾನೆ. ದೊಡ್ಡವರಿಗೆ ಹೇಳಿ ಒಂದೊಂದೇ ಸ್ವಿಚ್ ಆರಿಸಿ ನೋಡಿ. ಯಾವುದರ ಮುಚ್ಚಳವನ್ನೂ ಬಿಚ್ಚಬೇಡಿ.

ಆರಿಸಲಾಗದ ವಸ್ತುವಾದರೆ? ರೇಡಿಯೋವನ್ನೇ ತಿರುಗಿಸಿ! ಅದರೊಳಗೆ ತಂತಿ ಸುತ್ತಿದ ಒಂದು ಕಪ್ಪು ಫೆರೈಟ್ ಕಡ್ಡಿ ಅಡ್ಡವಾಗಿ ಮಲಗಿರುತ್ತದೆ. ಮಧ್ಯಮ ತರಂಗಕ್ಕೆ ಅದೇ ಆಂಟೆನಾ. ಮೇಲೆ ಎಳೆಯುವ ಉದ್ದನೆಯ ಕಡ್ಡಿ ಎಫ್‌ಎಂಗೆ. ಫೆರೈಟ್ ಕಡ್ಡಿಗೆ ಮಗ್ಗುಲಿನಿಂದ ಬರುವ ಅಲೆ ಚೆನ್ನಾಗಿ ಸಿಗುತ್ತದೆ, ತುದಿಯ ಕಡೆಯಿಂದ ಬರುವುದು ಬಹಳ ಕಡಿಮೆ. ಹಾಗಾಗಿ ಮೇಜಿನ ಮೇಲೆ ನಿಧಾನವಾಗಿ ತಿರುಗಿಸುತ್ತ ಹೋದರೆ ಗದ್ದಲ ಕುಗ್ಗುವ ದಿಕ್ಕು ಸಿಗುತ್ತದೆ. ಕೇಂದ್ರವೂ ಗದ್ದಲವೂ ಒಂದೇ ದಿಕ್ಕಿನಲ್ಲಿದ್ದರೆ ಈ ಉಪಾಯ ನಡೆಯದು, ಎರಡೂ ಒಟ್ಟಿಗೆ ಕುಗ್ಗುತ್ತವೆ! ಆಗ ರೇಡಿಯೋವನ್ನು ಆ ವಸ್ತುವಿನಿಂದ ದೂರ ಒಯ್ಯಿರಿ. ಪ್ಲಗ್ಗಿನ ಬದಲು ಸೆಲ್ ಬಳಸಿ, ಏಕೆಂದರೆ ಗದ್ದಲ ಕರೆಂಟಿನ ತಂತಿಯಲ್ಲೂ ನುಸುಳಿ ಬರುತ್ತದೆ.

ಮಿಂಚಿನ ‘ಚರ್ರ್’ ಸದ್ದಿಗೆ ಮಾತ್ರ ಸ್ವಿಚ್ ಇಲ್ಲ. ನೂರಾರು ಕಿಲೋಮೀಟರ್ ಆಚೆ ಮಿಂಚಿದರೂ ಅದು ಕೇಳಿಸುತ್ತದೆ. ನಿಮ್ಮೂರಿನ ಆಕಾಶ ತಿಳಿಯಾಗಿದ್ದಾಗಲೂ ಸಂಜೆ ರೇಡಿಯೋ ಆಗಾಗ ‘ಚರ್ರ್’ ಎಂದರೆ, ಎಲ್ಲೋ ದೂರದಲ್ಲಿ ಮಳೆಮೋಡ ಮಿಂಚುತ್ತಿರಬಹುದು.