ಕೀ ಗೊಂಚಲಿಗೆ ಯಾವ ಚಾಕು?

ಪ್ರಶ್ನೆ: ಕಾಶಿಯ ಆಚೆ ದಡದ ರಾಮನಗರಕ್ಕೆ ಹೊರಟಿದ್ದೇವೆ. ಕೀ ಗೊಂಚಲಿಗೆ ಸಿಕ್ಕಿಸಲು ಎಂಥ ಮಡಚುವ ಚಾಕು ಕೊಳ್ಳಲಿ? ರಾಮಪುರಿ ಚಾಕು ಅಲ್ಲಿಯದೇನಾ?

ಉತ್ತರ: ಅಲ್ಲ. ರಾಮಪುರಿ ಉತ್ತರ ಪ್ರದೇಶದ ಇನ್ನೊಂದು ಊರು ರಾಮಪುರದ್ದು; ಅದರ ಉದ್ದನೆಯ ಅಲಗು ಗೊಂಚಲಿಗೆ ಹೊಂದದು. ರಾಮನಗರದ ಕೋಟೆಯಲ್ಲಿ ಕಾಶಿ ಅರಸರ ಕತ್ತಿ, ಬಂದೂಕುಗಳಿವೆ, ತಪ್ಪದೆ ನೋಡಿ. ನಿಮಗೆ ಬೆರಳುದ್ದದ ಚಾಕು ಸಾಕು. ವಿಕ್ಟೋರಿನಾಕ್ಸ್ ಕ್ಲಾಸಿಕ್ ಮಡಚಿದಾಗ 58 ಮಿ.ಮೀ. ಮಾತ್ರ. ಅಂಗಡಿಯಲ್ಲೇ ಉಗುರಿನಿಂದ ಅಲಗನ್ನು ಎಬ್ಬಿಸಿ, ಮತ್ತೆ ಮಡಚಿ ನೋಡಿ. ಸ್ಪ್ರಿಂಗು ಬಿಗಿಯಾಗಿರಬೇಕು, ಸಡಿಲವಿದ್ದರೆ ಜೇಬಿನಲ್ಲೇ ತೆರೆದುಕೊಂಡು ಬೆರಳು ಕುಯ್ಯುತ್ತದೆ. ಅಲಗು ಅತ್ತಿತ್ತ ಅಲ್ಲಾಡಿದರೆ ಬೇಡವೇ ಬೇಡ. ಸ್ಟೇನ್‌ಲೆಸ್ ಆದರೂ ನಿಂಬೆಹಣ್ಣು ಕತ್ತರಿಸಿದ ಮೇಲೆ ಒರೆಸಿಡಿ. ವಿಮಾನದಲ್ಲಿ ಹೋಗುವುದಾದರೆ ಗೊಂಚಲಿನಿಂದ ಬಿಚ್ಚಿ, ಚೆಕ್-ಇನ್ ಬ್ಯಾಗಿನಲ್ಲಿ ಹಾಕಿ.